ಗೋಡೆಯೊಳಗಿನ ನೊರೆ

ಚಳಿಯ ದೇಶದಲ್ಲಿ ಮನೆಯನ್ನು ಬೆಚ್ಚಗಿಡುವುದೆಂದರೆ ಗಾಳಿಯನ್ನು ಅಲುಗಾಡದಂತೆ ಹಿಡಿದಿಡುವುದೆಂದೇ ಅರ್ಥ. ನಮ್ಮ ಕಡೆಯ ಕೌದಿಯನ್ನೋ, ಉತ್ತರ ಭಾರತದ ರಜಾಯಿಯನ್ನೋ ಹೊದ್ದವರಿಗೆ ಈ ಮಾತು ಹೊಸದಲ್ಲ. ಹತ್ತಿಗೆ ತನ್ನದೇ ಆದ ಶಾಖವೇನೂ ಇಲ್ಲ. ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಮೈಯ ಶಾಖವನ್ನು ಹೊರಗೆ ಹೋಗಗೊಡದೆ ತಡೆಯುತ್ತದೆ. ವರ್ಷ ಕಳೆದಂತೆ ಹತ್ತಿ ಗಂಟುಗಟ್ಟಿ ಗಾಳಿಗೆ ಜಾಗವಿಲ್ಲದಂತಾದಾಗ ಹೊದಿಕೆ ಎಷ್ಟು ಭಾರವಾಗಿದ್ದರೂ ಬೆಚ್ಚಗಿರುವುದಿಲ್ಲ. ಪಿಂಜಾರನು ಬಿಲ್ಲು ಮೀಟಿ ಹತ್ತಿಯನ್ನು ಹಿಂಜುವಾಗ ಮಾಡುವ ಕೆಲಸ ಅದಕ್ಕೆ ಮತ್ತೆ ಗಾಳಿ ತುಂಬುವುದೇ ಆಗಿದೆ.

ಮನೆಯ ಗೋಡೆಗೂ ಇದೇ ನಿಯಮ. ಕೆನಡಾದ ಹಳೆಯ ಮನೆಗಳು ಬಹುಮಟ್ಟಿಗೆ ಮರದ ಚೌಕಟ್ಟಿನವು. ಒಳಗೊಂದು ಹಲಗೆ, ಹೊರಗೊಂದು ಹಲಗೆ, ನಡುವೆ ನಾಲ್ಕು ಅಂಗುಲಕ್ಕೂ ಕಡಿಮೆ ಪೊಳ್ಳು. ಆ ಪೊಳ್ಳಿನಲ್ಲಿ ಗಾಳಿ ಇದ್ದೇ ಇರುತ್ತದೆ, ಆದರೆ ಅದು ನಿಂತ ಗಾಳಿಯಲ್ಲ. ಮೇಲಕ್ಕೂ ಕೆಳಕ್ಕೂ ಸುತ್ತುತ್ತ ಒಳಗಿನ ಶಾಖವನ್ನು ಹೊರಗೆ ಸಾಗಿಸುತ್ತದೆ. ಹಿಂದಿನವರು ಅಲ್ಲಿ ಮರದ ಹೊಟ್ಟು, ಹಳೆಯ ವೃತ್ತಪತ್ರಿಕೆ ಇತ್ಯಾದಿಗಳನ್ನು ತುಂಬುತ್ತಿದ್ದರು. 1930ರ ದಶಕದಲ್ಲಿ ಗಾಜಿನ ಎಳೆಯ ಹಾಸು ಬಂದಿತು. ಆದರೂ ಲಕ್ಷಾಂತರ ಮನೆಗಳ ಗೋಡೆಗಳು ಬರಿದಾಗಿಯೇ ಉಳಿದವು. ಎಣ್ಣೆ ಅಗ್ಗವಾಗಿದ್ದ ಕಾಲ ಅದು. ಚಳಿ ಹೆಚ್ಚಾದರೆ ಒಲೆಗೆ ಇನ್ನಷ್ಟು ಎಣ್ಣೆ ಸುರಿದರೆ ತೀರಿತು.

1973ರ ಅಕ್ಟೋಬರಿನಲ್ಲಿ ಈ ನೆಮ್ಮದಿ ಮುರಿಯಿತು. ಅರಬ್ ರಾಷ್ಟ್ರಗಳು ಎಣ್ಣೆಯ ಪೂರೈಕೆಯ ಮೇಲೆ ನಿರ್ಬಂಧ ಹಾಕಿದವು. ಪೀಪಾಯಿಯೊಂದಕ್ಕೆ ಸುಮಾರು 3 ಡಾಲರ್ ಇದ್ದ ಬೆಲೆ ಕೆಲವೇ ತಿಂಗಳುಗಳಲ್ಲಿ 12 ಡಾಲರಿನ ಹತ್ತಿರ ಬಂದಿತು. ನಮ್ಮಲ್ಲಿ ಸೀಮೆಎಣ್ಣೆಯ ಸಾಲು ಉದ್ದವಾದಾಗ ಅವರಲ್ಲಿ ಮನೆ ಕಾಯಿಸುವ ಖರ್ಚು ಸಂಸಾರವಂದಿಗರ ನಿದ್ದೆಗೆಡಿಸಿತು. 1977ರಲ್ಲಿ ಕೆನಡಾ ಸರ್ಕಾರವು ಹಳೆಯ ಮನೆಗಳಿಗೆ ಶಾಖನಿರೋಧಕ ಹಾಕಿಸಿಕೊಳ್ಳುವವರಿಗೆ ಸಹಾಯಧನ ಕೊಡುವ ಯೋಜನೆಯನ್ನು ಆರಂಭಿಸಿತು. ಉದ್ದೇಶ ಒಳ್ಳೆಯದೇ. ಆದರೆ ಮುಚ್ಚಿದ ಗೋಡೆಯನ್ನು ಒಡೆಯದೆ ಒಳಗೆ ತುಂಬುವುದು ಹೇಗೆ?

ಇದಕ್ಕೆ ಉತ್ತರವಾಗಿ ಬಂದದ್ದು ಯೂರಿಯಾ-ಫಾರ್ಮಾಲ್ಡಿಹೈಡ್ ನೊರೆ. ಯೂರೋಪಿನಲ್ಲಿ ಅದು ಮೊದಲೇ ಬಳಕೆಯಲ್ಲಿತ್ತು. ಕೆಲಸಗಾರರು ಲಾರಿಯಲ್ಲಿ ರಾಳದ ದ್ರಾವಣ, ನೊರೆ ಬರಿಸುವ ದ್ರಾವಣ, ಒತ್ತಡದ ಗಾಳಿಯ ಯಂತ್ರ ಇವನ್ನು ತಂದು ಮನೆಯ ಮುಂದೆ ನಿಲ್ಲುವರು. ಗೋಡೆಗೆ ಸಣ್ಣ ಸಣ್ಣ ತೂತು ಕೊರೆದು, ಮೂರನ್ನೂ ಬೆರೆಸಿ ಕೊಳವೆಯ ಮೂಲಕ ಒಳಗೆ ಬಿಡುವರು. ಗಡ್ಡಕ್ಕೆ ಹಚ್ಚುವ ಸಾಬೂನಿನ ನೊರೆಯಂಥ ಬಿಳಿಯ ವಸ್ತು ಸಂದುಗೊಂದುಗಳನ್ನೆಲ್ಲ ತುಂಬಿ ಅಲ್ಲಿಯೇ ಗಟ್ಟಿಯಾಗುವುದು. ತೂತು ಮುಚ್ಚಿ ಬಣ್ಣ ಬಳಿದರೆ ಕೆಲಸ ಮುಗಿಯಿತು. ಸರ್ಕಾರದ ಸಹಾಯಧನವೂ ಇದಕ್ಕೆ ದೊರೆಯುತ್ತಿದ್ದುದರಿಂದ ಜನ ನಂಬಿದರು. ಅಲ್ಪಕಾಲದಲ್ಲಿಯೇ ಸುಮಾರು ಒಂದು ಲಕ್ಷ ಮನೆಗಳ ಗೋಡೆಗಳಲ್ಲಿ ಈ ನೊರೆ ತುಂಬಿತು.

ಇಲ್ಲಿ ಒಂದು ಸೂಕ್ಷ್ಮವನ್ನು ನಾವು ಗಮನಿಸಬೇಕು. ಗಾಜಿನ ಎಳೆಯ ಹಾಸು ಕಾರ್ಖಾನೆಯಲ್ಲಿ ತಯಾರಾಗಿ, ಪರೀಕ್ಷೆಯಾಗಿ ಬರುವ ಸರಕು. ನೊರೆ ಹಾಗಲ್ಲ. ಅದು ತಯಾರಾಗುವುದು ನಮ್ಮ ಮನೆಯ ಗೋಡೆಯೊಳಗೇ. ಬೆರಕೆಯ ಪ್ರಮಾಣ ತಪ್ಪಿದರೂ, ದಿನ ತೀರ ತಣ್ಣಗಿದ್ದರೂ ರಾಳ ಸರಿಯಾಗಿ ಕೂಡಿಕೊಳ್ಳದೆ ಫಾರ್ಮಾಲ್ಡಿಹೈಡ್ ಅನಿಲ ಹೊರಬರುತ್ತದೆ. ಅಂದಮೇಲೆ ಕೊಳವೆ ಹಿಡಿದ ಕೆಲಸಗಾರನೇ ಅಲ್ಲಿ ಕಾರ್ಖಾನೆಯ ರಸಾಯನತಜ್ಞ. ಬೇಡಿಕೆ ಒಮ್ಮೆಲೇ ಏರಿದಾಗ ಸರಿಯಾದ ತರಬೇತಿಯಿಲ್ಲದ ಎಷ್ಟೋ ಜನ ಈ ಉದ್ಯೋಗಕ್ಕೆ ಇಳಿದರು. ನೊರೆ ಒಣಗುತ್ತ ಕುಗ್ಗುವುದರಿಂದ ಅಲ್ಲಲ್ಲಿ ಬಿರುಕೂ ಉಳಿಯುತ್ತಿತ್ತು.

ಕಣ್ಣುರಿ, ಗಂಟಲುರಿ, ತಲೆನೋವು, ಉಸಿರಿನ ತೊಂದರೆ ಎಂಬ ದೂರುಗಳು ಬಂದವು. ಫಾರ್ಮಾಲ್ಡಿಹೈಡನ್ನು ಉಸಿರಾಡಿದ ಇಲಿಗಳ ಮೂಗಿನಲ್ಲಿ ಕ್ಯಾನ್ಸರ್ ಕಂಡುಬಂದಿತೆಂಬ ವರದಿಯೂ ಹೊರಬಿದ್ದಿತು. 1980ರ ಡಿಸೆಂಬರಿನಲ್ಲಿ ಕೆನಡಾ ಸರ್ಕಾರವು ಈ ನೊರೆಯನ್ನು ನಿಷೇಧಿಸಿತು. ಹಣ ಕೊಟ್ಟು ಹಾಕಿಸಿದ ಸರ್ಕಾರವೇ ಮೂರು ವರ್ಷಗಳಲ್ಲಿ ಅದನ್ನು ಅಪಾಯವೆಂದು ಸಾರಿತು. ಅಮೆರಿಕದಲ್ಲಿ 1982ರಲ್ಲಿ ಬಂದ ನಿಷೇಧವನ್ನು ಅಲ್ಲಿನ ನ್ಯಾಯಾಲಯವು ಸಾಕಷ್ಟು ಪುರಾವೆ ಇಲ್ಲವೆಂದು 1983ರಲ್ಲಿ ರದ್ದುಮಾಡಿತು. ಒಂದೇ ವಸ್ತು, ಗಡಿಯ ಈಚೆಗೆ ವಿಷ, ಆಚೆಗೆ ಅಲ್ಲ! ಸಾಮಾನ್ಯ ಗೃಹಸ್ಥ ಯಾರ ಮಾತು ಕೇಳಬೇಕು?

ಕೆನಡಾದ ಗೃಹಸ್ಥನ ಪಾಡು ಇನ್ನೂ ಕಷ್ಟದ್ದಾಯಿತು. ನೊರೆ ತೆಗೆಸಲು ಗೋಡೆ ಒಡೆಯಲೇಬೇಕು. ಸರ್ಕಾರ 5,000 ಡಾಲರುವರೆಗೆ ನೆರವು ಘೋಷಿಸಿತಾದರೂ ಅನೇಕರಿಗೆ ಅದು ಸಾಲಲಿಲ್ಲ. ಅಂಥ ಮನೆಗಳನ್ನು ಕೊಳ್ಳುವವರು ಹಿಂಜರಿದರು, ಬೆಲೆ ಬಿದ್ದಿತು. ಜೀವಮಾನದ ಗಳಿಕೆಯೆಲ್ಲ ಮನೆಯಲ್ಲಿಯೇ ಇದ್ದವರಿಗೆ ಇದು ಸಣ್ಣ ಪೆಟ್ಟಲ್ಲ. ಕ್ವಿಬೆಕ್ ಪ್ರಾಂತ್ಯದಲ್ಲಿ ಮನೆಮಾಲೀಕರು ಹೂಡಿದ ಮೊಕದ್ದಮೆ ವರ್ಷಗಟ್ಟಲೆ ನಡೆದು, 1991ರಲ್ಲಿ ಅವರ ವಿರುದ್ಧವಾಗಿಯೇ ತೀರ್ಪು ಬಂದಿತು. ನೊರೆಯಿಂದಲೇ ಕಾಯಿಲೆ ಬಂದಿತೆಂಬುದು ಅಲ್ಲಿ ಸಿದ್ಧವಾಗಲಿಲ್ಲ. ವರ್ಷಗಳು ಉರುಳಿದ ಮೇಲೆ ಅಳೆದು ನೋಡಿದಾಗ ಹಳೆಯ ನೊರೆಯ ಮನೆಗಳಲ್ಲಿ ಈ ಅನಿಲ ಇತರ ಮನೆಗಳಿಗಿಂತ ಹೆಚ್ಚಾಗಿಯೇನೂ ಇರಲಿಲ್ಲ. ಅನಿಲ ಹೊರಬರುವುದು ಬಹುಪಾಲು ಆರಂಭದ ದಿನಗಳಲ್ಲಿಯೇ. ಹಾಗೆಂದು ಭಯ ಬರೀ ಭ್ರಮೆಯೆನ್ನುವಂತೆಯೂ ಇಲ್ಲ. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು.

ಸಹಾಯಧನದ ಯೋಜನೆ ಆರಂಭವಾದ ಅದೇ 1977ರಲ್ಲಿ, ಅದೇ ದೇಶದ ರೆಜೈನಾ ನಗರದಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಸಸ್ಕಾಚೆವಾನ್ ಪ್ರಾಂತ್ಯದ ಈ ಊರಿನಲ್ಲಿ ಚಳಿಗಾಲ ಬಲು ಕಠಿಣ. ಅಲ್ಲಿ ಹೆರಾಲ್ಡ್ ಓರ್ ಮತ್ತು ಸಂಗಡಿಗರು ‘ಸಸ್ಕಾಚೆವಾನ್ ಕನ್ಸರ್ವೇಶನ್ ಹೌಸ್’ ಎಂಬ ಮನೆಯನ್ನು ಕಟ್ಟಿದರು. ಸುಮಾರು ಒಂದಡಿ ದಪ್ಪದ ಶಾಖನಿರೋಧಕ ಗೋಡೆ, ಗಾಳಿ ನುಸುಳದಂತೆ ಎಚ್ಚರದಿಂದ ಮುಚ್ಚಿದ ಸಂದುಗಳು, ಹೊರಹೋಗುವ ಕೆಟ್ಟ ಗಾಳಿಯ ಶಾಖವನ್ನು ಒಳಬರುವ ತಣ್ಣನೆಯ ಗಾಳಿಗೆ ದಾಟಿಸುವ ಒಂದು ಸಾಧನ, ಇಷ್ಟೇ ಅದರ ಗುಟ್ಟು. ಗಾಳಿ ಎಲ್ಲಿ ಸೋರುತ್ತಿದೆಯೆಂದು ಮೊದಲು ಕಂಡುಹಿಡಿ, ಆಮೇಲೆ ತುಂಬು ಎಂಬುದು ಅವರ ಕ್ರಮ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರ ಹೊತ್ತಿಗೆ ಕಟ್ಟಿದ ಪ್ರಸಿದ್ಧ ‘ಪಾಸಿವ್ ಹೌಸ್’ಗೂ ಇಂಥ ಪ್ರಯತ್ನಗಳೇ ಮೇಲ್ಪಂಕ್ತಿಯಾದವು.

ಇಂದು ಚಳಿಗಾಲಕ್ಕೆ ಮುಂಚೆ ಮನೆಗಳಿಗೆ ಸಿಂಪಡಿಸುವುದು ಬೇರೆಯೇ ನೊರೆ, ಪಾಲಿಯುರಿಥೇನ್. ಇದರ ಮೂಲ 1937ರಲ್ಲಿ ಜರ್ಮನಿಯ ಲೆವರ್ಕೂಸನ್‌ನಲ್ಲಿ ಓಟೋ ಬಾಯರ್ ನಡೆಸಿದ ಸಂಶೋಧನೆ. ಐಸೊಸಯನೇಟ್ ಮತ್ತು ಪಾಲಿಯಾಲ್ ಎಂಬ ಎರಡು ದ್ರವಗಳು ಪಿಚಕಾರಿಯ ತುದಿಯಲ್ಲಿ ಕೂಡಿದೊಡನೆ ಹತ್ತಾರು ಪಟ್ಟು ಉಬ್ಬಿ ಗಟ್ಟಿಯಾಗುತ್ತವೆ. ತೆಳುವಾದ ಪದರವೇ ಚಳಿಯನ್ನೂ ಗಾಳಿಯನ್ನೂ ಒಟ್ಟಿಗೆ ತಡೆಯುವುದು ಇದರ ದೊಡ್ಡ ಗುಣ. ಆದರೆ ಸಿಂಪಡಿಸುವಾಗ ಐಸೊಸಯನೇಟಿನ ಹಬೆ ಉಸಿರಿಗೆ ಹೋದರೆ ಆಸ್ತಮಾ ಬರುವ ಸಂಭವವುಂಟು. ಆದುದರಿಂದ ಆ ಹೊತ್ತಿನಲ್ಲಿ ಮನೆಯವರು ಹೊರಗಿರಬೇಕು. ಬೆಂಕಿ ತಗಲಿದರೆ ಉರಿಯುವ ವಸ್ತುವಾದ್ದರಿಂದ ಮೇಲೆ ಜಿಪ್ಸಮ್ ಹಲಗೆಯಂಥ ಹೊದಿಕೆ ಬೇಕು. ಇದೂ ಗೋಡೆಯಲ್ಲಿಯೇ ತಯಾರಾಗುವ ಸರಕೆಂಬುದನ್ನು ಮರೆಯುವಂತಿಲ್ಲ.

ಇದನ್ನು ಉಬ್ಬಿಸಲು ಹಿಂದೆ ಬಳಸುತ್ತಿದ್ದ ಕ್ಲೋರೋಫ್ಲೋರೋ ಕಾರ್ಬನ್ ಅನಿಲಗಳು ಓಝೋನ್ ಪದರವನ್ನು ಸವೆಸುವುದು ತಿಳಿದು, 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ರುಜು ಬಿದ್ದಿತು. ಭಾರತವು 1992ರಲ್ಲಿ ಅದನ್ನು ಸೇರಿತು. ಆ ಅನಿಲಗಳ ಬದಲಿಗೆ ಬಂದು, ನಮ್ಮ ದೇಶದ ನೊರೆ ಕಾರ್ಖಾನೆಗಳಲ್ಲಿಯೂ ಬಳಕೆಯಲ್ಲಿದ್ದ ಎಚ್‌ಸಿಎಫ್‌ಸಿ-141ಬಿ ಎಂಬುದನ್ನು ಕೂಡ 2020ರ ಜನವರಿ 1ರ ಹೊತ್ತಿಗೆ ಇಲ್ಲಿ ಪೂರ್ಣವಾಗಿ ಕೈಬಿಡಲಾಯಿತು.

ನಮ್ಮ ಬಳಗದ ಎಷ್ಟೋ ಮನೆಗಳ ಮಕ್ಕಳು ಇಂದು ಟೊರಾಂಟೊದಲ್ಲಿಯೋ ಕ್ಯಾಲ್ಗರಿಯಲ್ಲಿಯೋ ಸಂಸಾರ ಹೂಡಿದ್ದಾರೆ, ಸಾಲ ಮಾಡಿ ಹಳೆಯ ಮನೆಗಳನ್ನು ಕೊಳ್ಳುತ್ತಿದ್ದಾರೆ. ‘ಈ ಗೋಡೆಯಲ್ಲಿ ಆ ನೊರೆ ಇದೆಯೇ?’ ಎಂಬ ಪ್ರಶ್ನೆ ಅಲ್ಲಿನ ಮಾರಾಟದ ಕರಾರುಪತ್ರಗಳಲ್ಲಿ ದಶಕಗಳ ಕಾಲ ಉಳಿದುಬಂದಿದೆ. ಅವರು ಗಾಬರಿಯಾಗಬೇಕಾಗಿಲ್ಲ, ಹಳೆಯ ನೊರೆ ಒದ್ದೆಯಾಗಿ ಕೆಟ್ಟಿದೆಯೇ ಎಂದು ನೋಡಿಸಿದರೆ ಸಾಕು. ಹೊಸ ನೊರೆ ಹಾಕಿಸುವುದಾದರೆ ದರವನ್ನು ಕೇಳುವ ಮುಂಚೆ ಪಿಚಕಾರಿ ಹಿಡಿಯುವವನ ತರಬೇತಿಯನ್ನು ವಿಚಾರಿಸಲಿ. ಸಹಾಯಧನವಿದೆಯೆಂದು ಅವಸರಪಟ್ಟ ಒಂದು ಲಕ್ಷ ಮನೆಗಳವರು ಆ ಪ್ರಶ್ನೆಯನ್ನು ಕೇಳುವ ವ್ಯವಧಾನವಿಲ್ಲದೆಯೇ ಗೋಡೆಗೆ ತೂತು ಕೊರೆಸಿದ್ದರು.