ಗುಂಪು ಚದುರಿದ ಮೇಲಿನ ಹಾಡು

ಹಾಡುವವರ ತಂಡವೊಂದು ಚದುರಿದ ಮೇಲೆ ಅದರ ಮುಖ್ಯ ಗಾಯಕ ಏನು ಹಾಡುತ್ತಾನೆ? ಸಾಹಿತ್ಯಚರಿತ್ರೆ ಓದುವ ನಮಗೆ ಈ ಪ್ರಶ್ನೆ ಏಳುವುದೇ ಇಲ್ಲ. ಕವಿ ಒಬ್ಬಂಟಿಯಾಗಿಯೇ ಬರೆಯುವವನೆಂದು ನಾವು ನಂಬಿದ್ದೇವೆ. ಸಂಗೀತದಲ್ಲಿ ಹಾಗಲ್ಲ. ಗುಂಪಿನ ಬಲದಿಂದ ಎದ್ದ ದನಿ ಒಂದು ದಿನ ತನ್ನಷ್ಟಕ್ಕೆ ತಾನೇ ನಿಲ್ಲಬೇಕಾಗುತ್ತದೆ. ಎರಡು ಧ್ವನಿಮುದ್ರಿಕೆಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ವಿಚಾರಮಾಡೋಣ. ಒಂದು 2002ರ ನ್ಯೂಯಾರ್ಕಿನದು, ಇನ್ನೊಂದು 2008ರಲ್ಲಿ ನಮ್ಮ ಮೈಸೂರು ಸೀಮೆಯ ಗಾಯಕರೊಬ್ಬರದು.

1970ರ ದಶಕದ ನಡುಭಾಗದಲ್ಲಿ ನ್ಯೂಯಾರ್ಕ್, ಲಂಡನ್ ನಗರಗಳಲ್ಲಿ ಪಂಕ್ ಎಂಬ ಸಂಗೀತ ಹುಟ್ಟಿತು. ಆ ವೇಳೆಗೆ ರಾಕ್ ಸಂಗೀತ ತನ್ನ ಪಾಂಡಿತ್ಯದ ಭಾರದಿಂದಲೇ ಬಳಲುತ್ತಿತ್ತು. ಪಂಕ್ ಗಾಯಕರು ಅದನ್ನು ಧಿಕ್ಕರಿಸಿದರು. ಹರಿದ ಬಟ್ಟೆ, ಗಿಟಾರಿನ ಮೂರು ನಾಲ್ಕು ಸ್ವರಮೇಳ, ಎರಡು ನಿಮಿಷದ ಹಾಡು. ಇಷ್ಟಿದ್ದರೆ ಯಾರು ಬೇಕಾದರೂ ವೇದಿಕೆ ಹತ್ತಬಹುದು ಎಂದರು. ರಮೋನ್ಸ್ ತಂಡದ 1976ರ ಮೊದಲ ಮುದ್ರಿಕೆಯಲ್ಲಿ ಅರ್ಧ ಗಂಟೆಯೊಳಗೆ 14 ಹಾಡುಗಳು ಮುಗಿದುಹೋಗುತ್ತವೆ. ಆ ನಾಲ್ವರು ಒಡಹುಟ್ಟಿದವರಲ್ಲ; ಆದರೂ ಒಂದೇ ಒಕ್ಕಲಿನವರಂತೆ ಎಲ್ಲರೂ ರಮೋನ್ ಎಂಬ ಮನೆತನದ ಹೆಸರನ್ನು ಧರಿಸಿದರು.

ಇಪ್ಪತ್ತು ವರ್ಷ ಮೀರಿ ನಡೆದ ಆ ತಂಡ 1996ರಲ್ಲಿ ನಿಂತಿತು. ಅದರ ಗಾಯಕ ಜೋಯಿ ರಮೋನ್ ರೋಗದಿಂದ ನರಳುತ್ತಲೇ ತನ್ನದೇ ಹಾಡುಗಳನ್ನು ಮುದ್ರಿಸತೊಡಗಿದ. 2001ರ ಏಪ್ರಿಲ್‌ನಲ್ಲಿ, 49ನೆಯ ವಯಸ್ಸಿನಲ್ಲಿ ತೀರಿಕೊಂಡ. ಮರುವರ್ಷ ಮುದ್ರಿಕೆ ಹೊರಬಂತು. ಅದರ ಮೊದಲ ಹಾಡು ಅವನದಲ್ಲ. ಲೋಕ ಎಷ್ಟು ಚೆಂದವಾಗಿದೆ ಎಂದು ಲೂಯಿ ಆರ್ಮ್‌ಸ್ಟ್ರಾಂಗ್ 1967ರಲ್ಲಿ ಹಾಡಿದ್ದ ಹಾಡು. ಹಿರಿಯರ ಹಂಗು ಬೇಡವೆಂದು ಹೊರಟ ಬಂಡಾಯದ ಗಾಯಕ ಕೊನೆಗೆ ಹಿರಿಯನೊಬ್ಬನ ಹಾಡನ್ನು ತನ್ನ ಒರಟು ಕಂಠದಲ್ಲಿ ಹಾಡಿ ಹೋದ.

ಕನ್ನಡದಲ್ಲಿ ಪಂಕ್ ಪರಂಪರೆ ಬೆಳೆಯಲಿಲ್ಲ. ಆದರೆ ತಂಡ ಚದುರಿದ ಮೇಲೆ ತನ್ನ ಹೆಸರಿನಲ್ಲೇ ರಾಕ್ ಮುದ್ರಿಕೆ ತಂದ ಗಾಯಕರಿದ್ದಾರೆ: ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್. ಸೂಕ್ಷ್ಮಜೀವಿಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ‘ಅಂತರಾಗ್ನಿ’ ಅವರ ಮೊದಲ ತಂಡ. ಅದು ಚದುರಿದ ಮೇಲೆ ಅವರ ಹೆಸರನ್ನೇ ಹೊತ್ತ ಮುದ್ರಿಕೆ 2008ರಲ್ಲಿ ಬಂತು. ಎಂಟೇ ಹಾಡುಗಳು, ಹಿಂದಿ, ಇಂಗ್ಲಿಷುಗಳ ಜೊತೆಗೆ ಕನ್ನಡ. ಅದರಲ್ಲಿ ಎರಡು ಶಿಶುನಾಳ ಶರೀಫರವು: ಗುಡುಗುಡಿ ಸೇದುವ ಪದ, ಸೋರುವ ಮಾಳಿಗೆಯ ಪದ. ಇಲ್ಲಿಯೂ ಒಂಟಿಯಾಗಿ ನಿಂತ ಗಾಯಕ ಕೈಚಾಚಿದ್ದು 1819ರಲ್ಲಿ ಹುಟ್ಟಿದ ಹಿರಿಯನೊಬ್ಬನ ಕಡೆಗೆ.

ಆಗ ನಾನು ನಾಗಮಂಗಲದಲ್ಲಿ ಅಧ್ಯಾಪಕನಾಗಿದ್ದೆ. ವಿದ್ಯಾರ್ಥಿಯೊಬ್ಬ ಆ ಮುದ್ರಿಕೆ ತಂದು, ‘ಸರ್, ನೀವು ಪಾಠ ಮಾಡಿದ ಶರೀಫರೇ ಇವರು, ಕೇಳಿ’ ಎಂದ. ಗಿಟಾರಿನ ಅಬ್ಬರದಲ್ಲಿ ತತ್ತ್ವ ಕೊಚ್ಚಿಹೋಯಿತೆಂದು ನಾನು ಅವನನ್ನು ಗದರಿಸಿ ಕಳಿಸಿದೆ. ಆ ರಾತ್ರಿ ಇಪ್ಪತ್ತೈದು ವರ್ಷಗಳ ಹಿಂದಿನ ಘಟನೆಯೊಂದು ನೆನಪಾಗಿ ನಿದ್ದೆ ಬರಲಿಲ್ಲ.

ಎಂ.ಎ. ಓದುತ್ತಿದ್ದಾಗ ಮಂಟೇಸ್ವಾಮಿ ಕಾವ್ಯವನ್ನು ಬರೆದುಕೊಳ್ಳಲೆಂದು ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದಕ್ಕೆ ಹೋಗಿದ್ದೆ. ಮುಪ್ಪಿನ ನೀಲಗಾರರೊಬ್ಬರು ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ ಹಿಡಿದು ಹಾಡುತ್ತಿದ್ದರು. ಹಿಮ್ಮೇಳದವರಲ್ಲಿ ಕೆಲವರು ಸತ್ತಿದ್ದರು, ಕೆಲವರು ದುಡಿಮೆಗೆಂದು ಪಟ್ಟಣ ಸೇರಿದ್ದರು. ನನ್ನ ಲೇಖನಿ ಅವರ ವೇಗಕ್ಕೆ ಸಾಲದೆ, ‘ಹಾಡಬೇಡಿ ಅಜ್ಜ, ಬರೀ ಮಾತಲ್ಲಿ ಹೇಳಿ’ ಎಂದೆ. ಅವರು ತಂಬೂರಿ ಕೆಳಗಿಟ್ಟು ಎರಡು ನುಡಿ ಹೇಳಿದರು, ತಡವರಿಸಿದರು, ಸುಮ್ಮನಾದರು. ‘ತಂಬೂರಿ ಇಲ್ದೆ ಪದ ಬರಾಕಿಲ್ಲ ಸ್ವಾಮಿ’ ಎಂದರು. ನಾನು ಒತ್ತಾಯಿಸಿ, ತುಂಡು ತುಂಡಾಗಿ ಹೇಳಿಸಿ ಬರೆದುಕೊಂಡೆ.

ಆ ಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುವುದು ಕಂಡವರು ಮೂಗು ಮುಚ್ಚಿಕೊಳ್ಳುವ ವೇಷದಲ್ಲಿ. ಮಡಿಯುಟ್ಟ ಭಕ್ತಿ ಎಷ್ಟು ನಿಜವೆಂದು ಒರೆಗೆ ಹಚ್ಚುವುದಕ್ಕೆ ಆ ವೇಷ. ಹರಿದ ಬಟ್ಟೆಯ ಪಂಕ್ ಗಾಯಕರ ಸಿಟ್ಟು ಅರ್ಥವಾಗಲು ನಮಗೆ ಲಂಡನ್ನಿನವರೆಗೆ ಹೋಗುವ ಅಗತ್ಯವಿರಲಿಲ್ಲ. ಅಂಥ ಪದವನ್ನು ನಾನು ಮಡಿಮಾಡಿ, ದನಿ ಕಳೆದು, ಹಾಳೆಯ ಮೇಲಿಟ್ಟೆ.

ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಈ ತಪ್ಪು ಮಾಡಲಿಲ್ಲ. ಜನಪದ ಗಾಯಕರ ಕಂಠವನ್ನೇ ಧ್ವನಿಮುದ್ರಿಸಿಕೊಂಡರು. 1979ರಲ್ಲಿ ಜಾನಪದ ಪರಿಷತ್ತು, 1994ರಲ್ಲಿ ರಾಮನಗರದ ಜಾನಪದ ಲೋಕ ಅವರಿಂದ ರೂಪುಗೊಂಡವು. ಶರೀಫರ ಪದಗಳು ಪಟ್ಟಣದ ಕಿವಿಗೆ ಬಿದ್ದದ್ದೂ ಪುಸ್ತಕದಿಂದಲ್ಲ; ಭಜನೆಯವರು ಹಾಡಿಕೊಂಡು ಬಂದರು, ಸಿ. ಅಶ್ವತ್ಥರು ಕ್ಯಾಸೆಟ್ಟಿನಲ್ಲೂ 1990ರ ಚಲನಚಿತ್ರದಲ್ಲೂ ಮನೆಮನೆಗೆ ಮುಟ್ಟಿಸಿದರು. ದನಿಯಿಂದ ದನಿಗೆ ದಾಟಿ ಬಂದುದರಿಂದಲೇ ಅವು 2008ರಲ್ಲಿ ಗಿಟಾರಿಗೂ ಒದಗಿದವು. ಕಾಲಿಗೆ ಗೆಜ್ಜೆ ಕಟ್ಟಿ ಹಾಡುವ ರಘು ದೀಕ್ಷಿತರನ್ನು ಕಂಡಾಗ ನನಗೆ ಆ ಅಜ್ಜನ ಕೈಯ ಗಗ್ಗರ ಕೇಳಿಸಿತು.

ಗದರಿಸಿ ಕಳಿಸಿದ ವಿದ್ಯಾರ್ಥಿಯನ್ನು ಮಾರನೆಯ ದಿನ ಕರೆದು, ಆ ಹಾಡನ್ನು ತರಗತಿಯಲ್ಲಿ ಎಲ್ಲರಿಗೂ ಕೇಳಿಸಿದೆ. ಅವನು ಮಂಟೇಸ್ವಾಮಿ ಪದವನ್ನೂ ಗಿಟಾರಿಗೆ ಹೊಂದಿಸುವ ಆಸೆಯಿಂದ ಧಾಟಿ ಕೇಳಿದ. ನಾನು ಹಳೆಯ ಟಿಪ್ಪಣಿ ಪುಸ್ತಕ ತೆಗೆದೆ. ಪದಗಳೆಲ್ಲ ಇದ್ದವು, ಧಾಟಿ ಇರಲಿಲ್ಲ. ಅಜ್ಜ ತೀರಿಕೊಂಡು ಬಹಳ ಕಾಲವಾಗಿತ್ತು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಹಳ್ಳಿಗಳಿಗೆ ಇಂದು ಪದ ಹುಡುಕಿಕೊಂಡು ಹೋಗುವ ತರುಣರು ಲೇಖನಿ ತೆಗೆಯುವ ಮೊದಲು ಒಮ್ಮೆ ಕಿವಿಗೊಟ್ಟು ಪೂರ್ತಿ ಕೇಳಲಿ. ಕೈಯಲ್ಲಿರುವ ಫೋನಿನಲ್ಲಿ ಆ ದನಿಯನ್ನು ಹಿಡಿದಿಡಲಿ. ತಂಬೂರಿಯನ್ನು ಮಾತ್ರ ಕೆಳಗಿಡಿಸದಿರಲಿ.

(ಬಾನುಲಿ ಭಾಷಣ)