ದೀವ: ಮೋಸದ ಹಕ್ಕಿಗೆ ಮೋಟಾರು ಬಂದ ಕಥೆ

'ದೀವ' ಅನ್ನೋ ಶಬ್ದ ಕೇಳಿದ್ದೀರಾ? ದೀವಿಗೆ ಅಲ್ಲ, ದೀವಿ ಹಲಸೂ ಅಲ್ಲ. ಬರೀ ದೀವ. ಹಳಗನ್ನಡ ಕಾವ್ಯಗಳಲ್ಲಿ ಬೇಟೆಯ ವರ್ಣನೆ ಬಂದಲ್ಲೆಲ್ಲ ಈ ಶಬ್ದ ತಲೆ ಹಾಕುತ್ತದೆ. ಕಾಡಿನ ಪ್ರಾಣಿಯನ್ನು ಹತ್ತಿರ ಕರೆಯಲು ಬೇಟೆಗಾರ ಸಾಕಿಕೊಂಡ ಅದೇ ಜಾತಿಯ ಪ್ರಾಣಿಯೇ ದೀವ. ಚಿಗರಿಯನ್ನು ಹಿಡಿಯಲು ಚಿಗರಿ, ಹಕ್ಕಿಯನ್ನು ಹಿಡಿಯಲು ಹಕ್ಕಿ. ತನ್ನವರೇ ಇದ್ದಾರಲ್ಲ ಅಂತ ನಂಬಿ ಬಂದದ್ದು ಉರುಲಿಗೆ ಬೀಳುತ್ತದೆ!

ಈ ಶಬ್ದವನ್ನು ನಾವು ಮರೆತಿದ್ದೇವೆ. ಆದರೆ ವಸ್ತು ಮಾತ್ರ ಸತ್ತಿಲ್ಲ. ಅಮೆರಿಕದ ಬೇಟೆ ಸಾಮಾನಿನ ಅಂಗಡಿಗಳಲ್ಲಿ ಈಗ ಬ್ಯಾಟರಿ ಹಾಕಿದ ದೀವ ಸಿಗುತ್ತದೆ. ಪ್ಲಾಸ್ಟಿಕ್ಕಿನ ಬಾತುಕೋಳಿ, ಹೊಟ್ಟೆಯಲ್ಲಿ ಸಣ್ಣ ಮೋಟಾರು, ಎರಡೂ ಬದಿಗೆ ಗಿರಗಿರನೆ ತಿರುಗುವ ರೆಕ್ಕೆ. ರೆಕ್ಕೆಯ ಒಂದು ಮೈ ಕಪ್ಪು, ಇನ್ನೊಂದು ಮೈ ಬಿಳಿ. ತಿರುಗುವಾಗ ಕಪ್ಪು-ಬಿಳುಪು ಮಿಂಚುತ್ತ ಹೋಗುತ್ತದೆ. ಬಹಳ ಎತ್ತರದಲ್ಲಿ ಹಾರುತ್ತಿರುವ ಬಾತಿನ ಕಣ್ಣಿಗೆ ಅದು ರೆಕ್ಕೆ ಬಡಿಯುತ್ತ ನೀರಿಗಿಳಿಯುತ್ತಿರುವ ಇನ್ನೊಂದು ಬಾತು. 'ಅಲ್ಲಿ ಇಳೀತಿದ್ದಾರೆ ಅಂದ್ರೆ ಕೂಳೂ ಇದೆ, ಭಯವೂ ಇಲ್ಲ' ಅಂದುಕೊಂಡು ಅದೂ ಇಳಿಯುತ್ತದೆ. ಜೊಂಡಿನ ಮರೆಯಲ್ಲಿ ಬಂದೂಕು ಕಾದಿರುತ್ತದೆ.

ಇದಕ್ಕೂ ನಮ್ಮ ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ ಸೀಮೆಗೂ ಏನು ಸಂಬಂಧ ಅಂತೀರಾ? ಮೋಟಾರಿನ ಬಾತು ನಮ್ಮ ಕಡೆಯದಲ್ಲ ನಿಜ. ಆದರೆ ದೀವದ ವಿದ್ಯೆ ನಮ್ಮ ಕಡೆಯದೇ. ಅದನ್ನು ಬಲ್ಲ ಜನರೂ ಇಲ್ಲಿಯವರೇ.

ಮೊದಲು ಹಳೆಯ ಸಾಕ್ಷಿ ನೋಡೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆಸಿದ. ಅರಸನಿಗೆ ಬೇಕಾದ ಅಡುಗೆ, ಆನೆ, ಸಂಗೀತ, ಆಟಪಾಟ ಎಲ್ಲವೂ ಅದರಲ್ಲಿವೆ. ಬೇಟೆಯೂ ಇದೆ, ಬೇಟೆಯ ಮಾತಿನಲ್ಲಿ ಪಳಗಿಸಿದ ದೀಪಮೃಗವೂ ಇದೆ. ಅಂದರೆ ನಮ್ಮ ದೀವ. ಮುಂದೆ ಹದಿನಾರನೆಯ ಶತಮಾನದಲ್ಲಿ ಅಕ್ಬರನ ಕಾಲದ 'ಐನ್-ಇ-ಅಕ್ಬರಿ'ಯಲ್ಲಿ ಕೋಡಿಗೆ ಬಲೆ ಸುತ್ತಿದ ಸಾಕು ಚಿಗರಿಯನ್ನು ಕಾಡು ಚಿಗರಿಯ ಮೇಲೆ ಬಿಡುವ ವಿವರ ಸಿಗುತ್ತದೆ. ಹಿಂಡಿನ ಯಜಮಾನ ಕಾದಾಡಲು ಬರುತ್ತಾನೆ, ಕೋಡಿಗೆ ಕೋಡು ಸಿಕ್ಕಿಕೊಳ್ಳುತ್ತದೆ. ಮುಗಿಯಿತು!

ಅರಸರಿಗೆ ಇದು ವಿನೋದ, ಕೆಲವರಿಗೆ ಹೊಟ್ಟೆಪಾಡು. ನಮ್ಮ ಕಡೆ ಹರಣಶಿಕಾರಿ ಅಂತ ಕರೆಯುವ ಜನ ಇದ್ದಾರಲ್ಲ, ಅವರ ಹೆಸರೇ ಕಸುಬನ್ನು ಹೇಳುತ್ತದೆ. ಹರಣ ಅಂದರೆ ಚಿಗರಿ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ 'ಪಾರ್ಧಿ, ಅಡವಿಚಿಂಚೇರ, ಫಾಸೆ ಪಾರ್ಧಿ, ಹರಣಶಿಕಾರಿ' ಅಂತ ಒಟ್ಟಿಗೇ ಬರೆದಿದ್ದಾರೆ. ಫಾಸೆ ಅಂದರೆ ಉರುಲು. ಬಂದೂಕಿಲ್ಲ, ಕುದುರೆ ಇಲ್ಲ. ಉರುಲು, ಎತ್ತು, ಗೌಜಗ ಹಕ್ಕಿ, ಇಷ್ಟೇ ಬಂಡವಾಳ. ಎತ್ತು ಯಾಕೆ ಅಂದರೆ, ಮೇಯುತ್ತ ಹೋಗುವ ಎತ್ತಿಗೆ ಚಿಗರಿ ಹೆದರುವುದಿಲ್ಲ. ಎತ್ತಿನ ಮರೆಯಲ್ಲಿ ಮನುಷ್ಯ ನಡೆಯುತ್ತಾನೆ.

ಗೌಜಗದ ವಿದ್ಯೆ ಇನ್ನೂ ಸೂಕ್ಷ್ಮ. ಮರಿಯಿಂದ ಕೈಯಲ್ಲೇ ಸಾಕಿದ ಗಂಡು ಗೌಜಗವನ್ನು ನಸುಕಿನಲ್ಲಿ ಪಂಜರ ಸಮೇತ ಹೊಲದ ಬದುವಿನಲ್ಲಿ ಇಡುತ್ತಾರೆ, ಸುತ್ತಲೂ ಉರುಲು. ಅದು ಕೂಗುತ್ತದೆ. ಆ ಜಾಗದ ಒಡೆಯನಾದ ಕಾಡು ಗೌಜಗಕ್ಕೆ ಇದು ಪಂಥಾಹ್ವಾನ. 'ಯಾರಲೇ ಅವ ನನ್ನ ಹೊಲದಾಗ?' ಅಂತ ಎದೆ ಉಬ್ಬಿಸಿಕೊಂಡು ಬರುತ್ತದೆ, ಕಾಲು ಸಿಕ್ಕಿಕೊಳ್ಳುತ್ತದೆ. ಈ ಒಂದು ದೀವಕ್ಕಾಗಿ ಎಷ್ಟು ದಿನ ಕಾಳು ಹಾಕಬೇಕು, ಗೆದ್ದಲು ತಿನ್ನಿಸಬೇಕು, ಬೆಕ್ಕಿನಿಂದ ಕಾಯಬೇಕು ಯೋಚಿಸಿ. ಯಾವ ತಿಂಗಳು ಕೂಗುತ್ತದೆ, ಯಾವ ಹೊಲದಲ್ಲಿ ಜೋಡಿ ಇದೆ, ಎಲ್ಲ ಬಾಯಿಪಾಠ ಆಗಿರಬೇಕು.

ಬಾತಿಗೂ ಒಂದು ಉಪಾಯವಿತ್ತು. ಭಾರತದ ಕೆರೆಗಳಲ್ಲಿ ನಡೆಯುತ್ತಿದ್ದ ಇದನ್ನು ಹಳೆಯ ಬರಹಗಾರರು ವಿವರಿಸಿದ್ದಾರೆ. ಮೊದಲು ಖಾಲಿ ಗಡಿಗೆಗಳನ್ನು ನೀರಿನಲ್ಲಿ ತೇಲಿಬಿಡುವುದು. ಬಾತುಗಳಿಗೆ ಅವು ರೂಢಿಯಾಗುವವರೆಗೆ ಕಾಯುವುದು. ಆಮೇಲೆ ಕಣ್ಣಿಗೆ ತೂತು ಮಾಡಿದ ಗಡಿಗೆಯನ್ನು ತಲೆಗೆ ಹಾಕಿಕೊಂಡು ಕುತ್ತಿಗೆಮಟ್ಟ ನೀರಿನಲ್ಲಿ ಮೆಲ್ಲಗೆ ಸರಿದು, ಬಾತಿನ ಕಾಲನ್ನು ಕೆಳಗಿನಿಂದ ಹಿಡಿದೆಳೆಯುವುದು! ಗಡಿಗೆ ಬಾತಿನ ಹಾಗೆ ಕಾಣುವುದೂ ಇಲ್ಲ. ಇಲ್ಲಿ ಮೋಸ ಮಾಡುವುದು ರೂಪ ಅಲ್ಲ, ತಾಳ್ಮೆ.

ಈಗ ಕಾನೂನಿನ ಕಡೆ ಬರೋಣ. ಸಂಸ್ಥಾನಗಳ ಕಾಲದಲ್ಲಿ ನಮ್ಮ ಸೀಮೆ ಹರಿದು ಹಂಚಿಹೋಗಿತ್ತು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನದ್ದು, ಬೀಳಗಿ ಬ್ರಿಟಿಷರದು. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಕಾಯಿದೆ ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಊರು ಸುಟ್ಟುಹೋಯಿತು, ಹಲವರು ಗಲ್ಲಿಗೇರಿದರು. ಲಾವಣಿಗಳಿಂದ ಆ ಕಥೆ ನಿಮಗೆ ಗೊತ್ತೇ ಇದೆ. 1878ರ ಶಸ್ತ್ರಾಸ್ತ್ರ ಕಾಯಿದೆಯ ಹೊತ್ತಿಗೆ ಬಂದೂಕಿಗೆ ಪರವಾನಗಿ ಎನ್ನುವುದು ಗಟ್ಟಿಯಾಯಿತು. ಬಡ ಬೇಟೆಗಾರನಿಗೆ ಉಳಿದದ್ದು ಪರವಾನಗಿ ಬೇಡದ ಉರುಲು ಮತ್ತು ದೀವ.

ಅದೂ ಬಹಳ ದಿನ ನೆಮ್ಮದಿಯಾಗಿ ಉಳಿಯಲಿಲ್ಲ. 1871ರ ಅಪರಾಧಿ ಬುಡಕಟ್ಟು ಕಾಯಿದೆ 1911ರಲ್ಲಿ ವಿಸ್ತಾರವಾಗಿ ಮುಂಬಯಿ ಪ್ರಾಂತಕ್ಕೂ ಬಂತು. ಹರಣಶಿಕಾರಿಗಳಂಥ ಅಲೆಮಾರಿ ಜನ ಹುಟ್ಟಿನಿಂದಲೇ ಅಪರಾಧಿಗಳಾದರು. ಬಿಜಾಪುರ, ಹುಬ್ಬಳ್ಳಿ, ಗದಗಿನಲ್ಲಿ ತಂತಿ ಬೇಲಿಯ ಸೆಟ್ಲಮೆಂಟುಗಳಾದವು. ಹುಬ್ಬಳ್ಳಿಯಲ್ಲಿ ಇವತ್ತಿಗೂ ಆ ಓಣಿಗೆ ಸೆಟ್ಲಮೆಂಟ್ ಅಂತಲೇ ಹೆಸರು. 1952ರಲ್ಲಿ ಕಾಯಿದೆ ರದ್ದಾಯಿತು, ಅಂಟಿದ ಹೆಸರು ಮಾತ್ರ ಅಷ್ಟು ಸುಲಭವಾಗಿ ಹೋಗಲಿಲ್ಲ.

ಅದೇ ಕಾಲದಲ್ಲಿ ದೊಡ್ಡವರ ಬೇಟೆ ಹೇಗಿತ್ತು ಗೊತ್ತೇ? 1938ರ ನವೆಂಬರ್ 12ರಂದು ರಾಜಸ್ಥಾನದ ಭರತಪುರದ ಕೆರೆಗಳಲ್ಲಿ ವೈಸರಾಯ್ ಲಿನ್‌ಲಿತ್‌ಗೋ ತಂಡ ಒಂದೇ ದಿನ 4,273 ಹಕ್ಕಿಗಳನ್ನು ಕೊಂದಿತು. ಆ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿಸಿಯೂ ಇಟ್ಟರು! ಗೌಜಗ ಹಿಡಿದು ಸಂತೆಯಲ್ಲಿ ಮಾರಿದವನು ಅಪರಾಧಿ, ನಾಲ್ಕು ಸಾವಿರ ಹೊಡೆದವನು ಕ್ರೀಡಾಪಟು. ನಮ್ಮ ಮುಧೋಳದ ನಾಯಿಯನ್ನೇ ನೋಡಿ. ಮಾಲೋಜಿರಾವ್ ಘೋರ್ಪಡೆಯವರ ಆಶ್ರಯ ಸಿಕ್ಕಿತು, 2005ರಲ್ಲಿ ಅಂಚೆಚೀಟಿ ಬಂತು, ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವೂ ಆಯಿತು. ಒಳ್ಳೆಯದೇ, ಹೆಮ್ಮೆಯದೇ. ದೀವದ ಗೌಜಗಕ್ಕೆ ಅಂಥ ಅರಸನ ಆಶ್ರಯ ಸಿಗಲಿಲ್ಲ, ಅಷ್ಟೆ.

ಹಾಗಂತ ಹಳೆಯ ಬೇಟೆಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಉರುಲಿಗೆ ಬಿದ್ದ ಹಕ್ಕಿಗೆ ಯಾವ ಕಾಲದಲ್ಲೂ ನೋವು ನೋವೇ. ನಾನು ಹೇಳಬೇಕಾದ್ದು ಬೇರೆ. ಹಳೆಯ ದೀವಕ್ಕೆ ಒಂದು ಬೆಲೆ ಇತ್ತು. ಅದನ್ನು ಬೇಟೆಗಾರ ತನ್ನ ದಿನಗಳಲ್ಲಿ ಕಟ್ಟಬೇಕಿತ್ತು. ಒಬ್ಬ ಎಷ್ಟು ಗೌಜಗ ಸಾಕಿಯಾನು? ಎಷ್ಟು ಹೊತ್ತು ತಣ್ಣೀರಲ್ಲಿ ನಿಂತಾನು? ಆ ಕಷ್ಟವೇ ಬೇಟೆಗೆ ಹಾಕಿದ ಮಿತಿಯಾಗಿತ್ತು. ಯಾವ ಸರಕಾರವೂ ಹಾಕಿದ್ದಲ್ಲ. ಮೋಟಾರು ಬಂದಾಗ ಹೋದದ್ದು ಆ ಕಷ್ಟ, ಅದರ ಜೊತೆಗೆ ಆ ಮಿತಿಯೂ.

ಇದು ಅಮೆರಿಕದವರಿಗೂ ಹೊಳೆದಿತ್ತು. ಅಲ್ಲಿನ ನೆವಾಡಾದ ಒಂದು ಗುಹೆಯಲ್ಲಿ 1924ರಲ್ಲಿ ಜೊಂಡಿನಿಂದ ಹೆಣೆದ ಬಾತುಗಳು ಸಿಕ್ಕವು, ಸುಮಾರು ಎರಡು ಸಾವಿರ ವರ್ಷ ಹಳೆಯವು. ಮೂಲನಿವಾಸಿಗಳ ದೀವ! ಆಮೇಲೆ ಬಿಳಿಯರು ಮರದ ಬಾತು ಕೆತ್ತಿದರು, ಜೀವಂತ ಬಾತುಗಳನ್ನೂ ಕಟ್ಟಿ ಕೂಗಿಸಿದರು. ಹಕ್ಕಿಗಳು ಕಡಿಮೆಯಾದಾಗ 1935ರಲ್ಲಿ ಜೀವಂತ ದೀವವನ್ನು ನಿಷೇಧಿಸಿದರು, 1957ರಲ್ಲಿ ವಿದ್ಯುತ್ ಯಂತ್ರದ ಕೂಗನ್ನೂ. ತಿರುಗುವ ರೆಕ್ಕೆ ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದ ಕೊನೆಗೆ ಬಂದಾಗ ಬೇಟೆಗಾರರಲ್ಲೇ ಜಗಳ ಶುರುವಾಯಿತು. 'ಇದು ನ್ಯಾಯವೇ?' ಅಂತ. ಮಿನ್ನೆಸೋಟಾದಲ್ಲಿ ನಡೆದ ಅಧ್ಯಯನದಲ್ಲಿ ರೆಕ್ಕೆ ತಿರುಗುವಾಗ ಬೇಟೆಗೆ ಸಿಕ್ಕ ಬಾತುಗಳು ಬಹಳ ಹೆಚ್ಚು ಎಂದು ಕಂಡಿತು. ಆರ್ಕನ್ಸಾ ರಾಜ್ಯ 2005ರಲ್ಲಿ ನಿಷೇಧ ತಂದು 2008ರಲ್ಲಿ ತೆಗೆದುಹಾಕಿತು. ಕ್ಯಾಲಿಫೋರ್ನಿಯಾ ಬೇಟೆಯ ಋತುವಿನ ಮೊದಲ ಭಾಗಕ್ಕೆ ಮಾತ್ರ ನಿರ್ಬಂಧ ಹಾಕಿತು. ಅನುಭವವಿಲ್ಲದ ಎಳೆಯ ಹಕ್ಕಿಗಳು ಬೇಗ ಮೋಸ ಹೋಗುತ್ತವಲ್ಲ, ಅದಕ್ಕೆ.

ನಮ್ಮಲ್ಲಿ? 1972ರ ವನ್ಯಜೀವಿ ಕಾಯಿದೆಯಲ್ಲಿ ಮೊದಲು ಪರವಾನಗಿ ಪಡೆದು ಬೇಟೆಯಾಡಲು ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನು ಮುಚ್ಚಿತು. ಕಾಯಿದೆಯ ಪ್ರಕಾರ ಉರುಲು ಹಾಕುವುದು, ಆಮಿಷ ಒಡ್ಡುವುದು ಕೂಡ ಬೇಟೆಯೇ. ಆದರೂ ಕೂಗನ್ನು ಮೊಬೈಲಿಗೆ ತುಂಬಿ, ಸ್ಪೀಕರು ಹಚ್ಚಿ ಬುರ್ಲಿ ಹಕ್ಕಿ ಹಿಡಿಯುವ ಪ್ರಕರಣಗಳು ದೇಶದ ಹಲವು ಕಡೆ ಪತ್ತೆಯಾಗಿವೆ. ದೀವ ಹೊಸ ವೇಷ ತೊಟ್ಟಿದೆ. ಕಾಳು ಹಾಕುವುದು ಬೇಡ, ಬೆಕ್ಕಿನಿಂದ ಕಾಯುವುದೂ ಬೇಡ, ಚಾರ್ಜ್ ಇದ್ದರೆ ಸಾಕು.

ಚಳಿಗಾಲದಲ್ಲಿ ಕೃಷ್ಣೆಯ ಹಿನ್ನೀರಿಗೆ ದೂರದೂರದ ಹಕ್ಕಿಗಳು ಬಂದಿಳಿಯುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಅಷ್ಟು ದೂರದಿಂದ ಬಂದ ಹಕ್ಕಿ ಎಲ್ಲಿ ಇಳಿಯಬೇಕು ಅಂತ ಹೇಗೆ ತೀರ್ಮಾನಿಸುತ್ತದೆ? ಕೆಳಗೆ ತನ್ನವರು ಆರಾಮಾಗಿ ಕೂತಿದ್ದಾರೋ ಇಲ್ಲವೋ ನೋಡಿ. ಹೊಸ ಊರಿಗೆ ಹೋದ ನಾವು ನಾಲ್ಕು ಜನ ಉಣ್ಣುತ್ತಿರುವ ಖಾನಾವಳಿಗೇ ನುಗ್ಗುವುದಿಲ್ಲವೇ, ಹಾಗೆ. ದೀವ ಬಳಸಿಕೊಳ್ಳುವುದು ಹಕ್ಕಿಯ ಹಸಿವನ್ನಲ್ಲ, ಅದರ ಈ ನಂಬಿಕೆಯನ್ನು. ಮೋಸ ಮಾಡುವುದು ಕಷ್ಟವಾಗಿದ್ದಾಗ ಆ ನಂಬಿಕೆ ಹೇಗೋ ಉಳಿದುಕೊಂಡಿತ್ತು. ಸುಲಭವಾದ ಮೇಲೆ ಅದನ್ನು ಉಳಿಸುವ ಕೆಲಸ ಕೆರೆಯ ದಂಡೆಯಲ್ಲಿರುವ ನಮ್ಮದು.

ಅಂದ ಹಾಗೆ, ನಿಮ್ಮ ಮನೆಯ ಹಿರಿಯರಿಗೆ 'ದೀವ' ಅನ್ನೋ ಶಬ್ದ ಗೊತ್ತಿದೆಯೇ ಅಂತ ಒಮ್ಮೆ ಕೇಳಿ ನೋಡಿ. ಹಕ್ಕಿ ಹಿಡಿಯುವುದಂತೂ ಬೇಡ, ಶಬ್ದವನ್ನಾದರೂ ಹಿಡಿದಿಟ್ಟುಕೊಳ್ಳೋಣ.