ಮನೆಯೊಳಗಣ ಸಂಗೀತಸಭೆ: ಮೈಸೂರಿನ ಅರಮನೆ ಮತ್ತು ಗದಗಿನ ಬೀದಿ

ಸಂಗೀತದ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಇಬ್ಬರನ್ನೇ ಲೆಕ್ಕಕ್ಕೆ ಹಿಡಿದಿದ್ದಾರೆ: ಹಾಡಿದವರು ಒಬ್ಬರು, ಹಾಡಿಸಿದವರು ಇನ್ನೊಬ್ಬರು. ಕೇಳಿದವನ ಸುದ್ದಿ ಅಲ್ಲಿ ಬರುವುದು ವಿರಳ. ಸಭೆಯಲ್ಲಿ ತಲೆದೂಗಿ ಎದ್ದುಹೋದವನಿಂದ ಸಂಗೀತಕ್ಕೆ ಆದುದೇನು ಎಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು. ಆದರೆ ಗ್ರಾಮಫೋನು ಬಂದ ಮೇಲೆ ಕೇಳುವವನ ಸ್ಥಾನ ಮೊದಲಿನಂತೆ ಉಳಿಯಲಿಲ್ಲ. ಯಾವ ಹಾಡು, ಯಾರ ಕಂಠ, ಎಷ್ಟು ಸಲ, ಯಾವ ಹೊತ್ತಿನಲ್ಲಿ ಎಂಬುದನ್ನೆಲ್ಲ ಅವನೇ ತನ್ನ ಮನೆಯಲ್ಲಿ ಕುಳಿತು ನಿಶ್ಚಯಿಸತೊಡಗಿದನು. ತನಗೆ ರುಚಿಸಿದುದನ್ನು ನೆರೆಯವರಿಗೂ ಉಣಬಡಿಸತೊಡಗಿದನು. ಈ ಮನೆಯೊಳಗಣ ಸಭೆಯ ಚರಿತ್ರೆಯಲ್ಲಿ ಕನ್ನಡನಾಡಿನ ಪಾತ್ರ ಸಣ್ಣದೇನಲ್ಲ. ಅದರಲ್ಲಿ ಹೆಮ್ಮೆಪಡತಕ್ಕದ್ದೂ ಇದೆ, ನೊಂದುಕೊಳ್ಳತಕ್ಕದ್ದೂ ಇದೆ.

ಮೊದಲಿಗೆ ‘ಆಲ್ಬಮ್’ ಎಂಬ ಮಾತನ್ನೇ ನೋಡಬಹುದು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಅರಗಿನ ತಟ್ಟೆಯ ಒಂದು ಮಗ್ಗುಲಲ್ಲಿ, ಅದು 10 ಅಂಗುಲದ್ದಾದರೆ ಮೂರು ನಿಮಿಷ ಚಿಲ್ಲರೆ, 12 ಅಂಗುಲದ್ದಾದರೆ ನಾಲ್ಕು ನಿಮಿಷ ಚಿಲ್ಲರೆ ಹಾಡು ಹಿಡಿಯುತ್ತಿತ್ತು. ಅರ್ಧ ಗಂಟೆಯ ಪಾಶ್ಚಾತ್ಯ ರಚನೆಯೊಂದಕ್ಕೆ ನಾಲ್ಕು ತಟ್ಟೆಗಳಾದರೂ ಬೇಕು. ಅವನ್ನು ಚೀಲದಂತಹ ಹಾಳೆಗಳಲ್ಲಿ ಇಟ್ಟು, ಛಾಯಾಚಿತ್ರಗಳ ಪುಸ್ತಕದಂತೆ ರಟ್ಟು ಹಾಕಿ ಮಾರುತ್ತಿದ್ದರು. ಅದಕ್ಕೇ ಆ ಹೆಸರು. ತಟ್ಟೆಗಳು ಒಂದಾಗಿ ಪುಸ್ತಕ ಹೋದ ಮೇಲೂ ಹೆಸರು ಮಾತ್ರ ಉಳಿಯಿತು. ನಮ್ಮ ಖಯಾಲಿಗಾಗಲಿ ಕೃತಿಗಾಗಲಿ ಈ ಬಗೆಯ ಪುಸ್ತಕದ ಭಾಗ್ಯ ಬಹುಕಾಲ ಒದಗಲಿಲ್ಲ. ಒಂದು ಗಂಟೆಯ ರಾಗವನ್ನು ಮೂರು ನಿಮಿಷಕ್ಕೆ ಮಡಿಸಿ ಕೊಡುವುದೇ ನಮ್ಮ ವಿದ್ವಾಂಸರ ಪಾಲಿಗೆ ಬಂದಿತು.

ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಮೊದಲ ಧ್ವನಿಮುದ್ರಣಗಳನ್ನು ನಡೆಸಿದನು. ಗೋಹರ್‌ಜಾನ್ ಆಗ ಹಾಡಿದವರಲ್ಲಿ ಅಗ್ರಗಣ್ಯೆ. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಹೇಳುತ್ತಿದ್ದಳು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯ ಕೆಲಸಗಾರರಿಗೆ ಹಾಡಿದವರಾರೆಂಬುದು ತಿಳಿಯಬೇಕಷ್ಟೆ. 1908ರಲ್ಲಿ ಕಲ್ಕತ್ತೆಯಲ್ಲೇ ಕಾರ್ಖಾನೆ ನಿಂತ ಬಳಿಕ ಈ ಸಮುದ್ರಯಾನ ತಪ್ಪಿತು. ಆ ತಟ್ಟೆಗಳಿಗೆ ಬೇಕಾದ ಅರಗು ನಮ್ಮ ದೇಶದ ಕಾಡುಗಳಿಂದಲೇ ಹೋಗುತ್ತಿದ್ದಿತೆಂಬುದನ್ನೂ ಇಲ್ಲಿ ನೆನೆಯಬಹುದು. ಈ ಗೋಹರ್‌ಜಾನಳೇ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವನ್ನರಸಿ ಮೈಸೂರಿಗೆ ಬಂದಳು; 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡಳು. ಭರತಖಂಡದ ಮನೆಮನೆಗಳನ್ನು ಹೊಕ್ಕ ಕಂಠವು ಕೊನೆಯುಸಿರೆಳೆದುದು ಕನ್ನಡದ ನೆಲದಲ್ಲಿ.

ಇತ್ತ ವಿಲಾಯತಿಯಲ್ಲಿ ಕೇಳುವವರು ಒಂದು ಪಂಗಡವಾಗಿ ಕೂಡತೊಡಗಿದ್ದರು. 1923ರಲ್ಲಿ ಕಾಂಪ್ಟನ್ ಮೆಕೆಂಜಿ ಎಂಬ ಕಾದಂಬರಿಕಾರನು ‘ಗ್ರಾಮಫೋನ್’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದನು. ಮನೆಯಲ್ಲಿ ತಟ್ಟೆ ಕೇಳುವವರು ತಮ್ಮ ಮೆಚ್ಚಿಕೆಯನ್ನೂ ಜಗಳವನ್ನೂ ತೋಡಿಕೊಳ್ಳಲು ಅದೊಂದು ಜಗಲಿಯಾಯಿತು. ಎಂಟು ವರ್ಷಗಳ ತರುವಾಯ ಎಚ್.ಎಂ.ವಿ. ಸಂಸ್ಥೆಯ ತರುಣ ನೌಕರ ವಾಲ್ಟರ್ ಲೆಗ್ ಒಂದು ಉಪಾಯ ಹೂಡಿದನು. ಮಾರಾಟವಾಗುವ ಭರವಸೆಯಿಲ್ಲದ ಸಂಗೀತವನ್ನು ಕಂಪನಿ ಮುದ್ರಿಸಲೊಲ್ಲದು. ಆದುದರಿಂದ ಕೇಳಬೇಕೆನ್ನುವವರೇ ಮುಂಗಡ ಚಂದಾ ಕೊಟ್ಟು ಸಂಘ ಕಟ್ಟಲಿ, ಐನೂರು ಮಂದಿ ಕೂಡಿದರೆ ತಟ್ಟೆಗಳು ಹೊರಬೀಳಲಿ ಎಂದನು. 1931ರಲ್ಲಿ ಹ್ಯೂಗೋ ವೋಲ್ಫ್‌ನ ಗೀತೆಗಳಿಗಾಗಿ ಇಂತಹ ಮೊದಲ ಸಂಘ ಏರ್ಪಟ್ಟಿತು. ಆ ಐನೂರರಲ್ಲಿ ನೂರಕ್ಕೂ ಮಿಕ್ಕವರು ಜಪಾನಿನವರೆಂಬುದು ಗಮನಾರ್ಹ. ಬಳಿಕ ಷ್ನಾಬೆಲ್ ನುಡಿಸಿದ ಬೀಥೋವನ್ನನ ಪಿಯಾನೋ ಸೊನಾಟಾಗಳೂ ಇದೇ ದಾರಿಯಿಂದ ಬೆಳಕು ಕಂಡವು. ನಮ್ಮಲ್ಲಿ ಗ್ರಂಥಪ್ರಕಟಣೆಗೆ ಮುಂಗಡ ಚಂದಾದಾರರನ್ನು ಕೂಡಿಸುವ ಪದ್ಧತಿ ಇದ್ದಿತಲ್ಲವೆ? ಅದನ್ನೇ ಅವನು ನಾದಕ್ಕೆ ಅನ್ವಯಿಸಿದನೆಂದರೆ ಸರಿಹೋದೀತು.

ಈ ಚಂದಾಪದ್ಧತಿಯ ಕಥೆಯಲ್ಲಿ ಮೈಸೂರು ಬರುವುದು ಜಯಚಾಮರಾಜ ಒಡೆಯರಿಂದ. 1919ರಲ್ಲಿ ಹುಟ್ಟಿದ ಇವರಿಗೆ ಪಿಯಾನೋ ವಾದನದಲ್ಲಿ ಎಳೆತನದಿಂದಲೂ ಗಾಢವಾದ ಆಸಕ್ತಿ. 1940ರಲ್ಲಿ ತಂದೆಯವರೂ ದೊಡ್ಡಪ್ಪನವರಾದ ನಾಲ್ವಡಿಯವರೂ ಗತಿಸಲಾಗಿ, ಇಪ್ಪತ್ತೊಂದನೆಯ ವಯಸ್ಸಿಗೆ ರಾಜ್ಯಭಾರ ಹೆಗಲಿಗೇರಿತು. ವಾದಕನಾಗುವ ಕನಸು ಅಲ್ಲಿಗೆ ಮುಗಿಯಿತು. ಉಳಿದುದು ಕೇಳುವ ಹಂಬಲ. ಅರಮನೆಯಲ್ಲಿ ಸುಮಾರು 20,000 ತಟ್ಟೆಗಳು ಕೂಡಿದ್ದವೆಂದು ಅಂದಿನ ಅಂದಾಜು. ವಾಲ್ಟರ್ ಲೆಗ್ ಮೈಸೂರಿಗೆ ಬಂದು, ಇನ್ನೂ ಮೂವತ್ತು ತುಂಬದ ದೊರೆಯ ಆ ಭಂಡಾರವನ್ನೂ ಅಲ್ಲಿದ್ದ ಧ್ವನಿವರ್ಧಕಗಳ ಸಾಲನ್ನೂ ಪಿಯಾನೋಗಳನ್ನೂ ಕಂಡು ಬೆರಗಾದುದನ್ನು ತನ್ನ ನೆನಪುಗಳಲ್ಲಿ ಬರೆದಿದ್ದಾನೆ.

ಅಂಗಡಿಯಲ್ಲಿ ದೊರೆಯುವುದಷ್ಟರಿಂದ ಮಹಾರಾಜರಿಗೆ ತೃಪ್ತಿಯಾಗಲಿಲ್ಲ. ದೊರೆಯದುದೇನೆಂಬುದೂ ಅವರಿಗೆ ಗೊತ್ತಿತ್ತು. ರಷ್ಯದಲ್ಲಿ ಹುಟ್ಟಿ 1935ರಿಂದ ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಕಾರನು ವೃದ್ಧನಾಗಿ, ರೋಗಿಯಾಗಿ, ಕಾಲದ ಅಭಿರುಚಿಗೆ ಹೊರಗಾಗಿ ಉಳಿದಿದ್ದನು. ಅವನ ರಚನೆಗಳನ್ನು ಅವನಿಂದಲೇ ನುಡಿಸಿ ಮುದ್ರಿಸುವುದಕ್ಕೆಂದು ಮೈಸೂರಿನ ಹಣದಿಂದ ಮೆಟ್ನರ್ ಸಂಘವು ಏರ್ಪಟ್ಟಿತು. ಮೂರು ಪಿಯಾನೋ ಕನ್ಚರ್ಟೋಗಳನ್ನು ಅವನು 1947ರಲ್ಲಿ ಫಿಲ್ಹಾರ್ಮೋನಿಯ ವಾದ್ಯವೃಂದದೊಡನೆ ನುಡಿಸಿದನು. ಸೊನಾಟಾಗಳೂ ಗೀತೆಗಳೂ ಹಿಂಬಾಲಿಸಿದವು. ತನ್ನ ಮೂರನೆಯ ಕನ್ಚರ್ಟೋವನ್ನು ಅವನು ಮಹಾರಾಜರಿಗೆ ಅರ್ಪಿಸಿದನು. 1951ರಲ್ಲಿ ತೀರಿಕೊಂಡನು. ಮೈಸೂರು ಕೈನೀಡದಿದ್ದರೆ ಅವನ ಬೆರಳುಗಳ ನಾದ ಇಷ್ಟು ವಿಸ್ತಾರವಾಗಿ ಉಳಿಯುತ್ತಿರಲಿಲ್ಲವೆಂಬುದರಲ್ಲಿ ಸಂಶಯವಿಲ್ಲ. ಕಾರಾಯಾನ್ 1949ರಲ್ಲಿ ನಡೆಸಿದ ಬಾಲಾಕಿರೆವನ ಮೊದಲನೆಯ ಸಿಂಫನಿಯ ಮುದ್ರಣವೂ ಮಹಾರಾಜರ ಸಂಗೀತ ಪ್ರತಿಷ್ಠಾನದ ಹೆಸರನ್ನೇ ಹೊತ್ತು ಬಂದಿತು.

1950ರ ಮೇ 22ರ ಸಂಗತಿ ಇನ್ನೂ ಸ್ವಾರಸ್ಯವಾದುದು. ಹಿಂದಿನ ವರ್ಷವಷ್ಟೇ ಗತಿಸಿದ್ದ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಅಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮೊತ್ತಮೊದಲು ಹಾಡಲ್ಪಟ್ಟವು. ಹಾಡಿದವಳು ಕರ್ಸ್ಟನ್ ಫ್ಲಾಗ್‌ಸ್ಟಾಟ್, ವೃಂದವನ್ನು ನಡೆಸಿದವನು ಫುರ್ಟ್‌ವೆಂಗ್ಲರ್. ಮಹಾರಾಜರಿಗೆ ಅಲ್ಲಿಗೆ ಹೋಗಲಾಗಲಿಲ್ಲ. ಆದರೆ 4,800 ಡಾಲರುಗಳ ಹೊಣೆ ಹೊತ್ತು, ಆ ರಾತ್ರಿಯ ಹಾಡಿಕೆಯನ್ನು ಮುದ್ರಿಸಿ ಮೈಸೂರಿಗೆ ಕಳುಹಿಸುವಂತೆ ಏರ್ಪಾಡು ಮಾಡಿದರು. ಒಬ್ಬ ರಸಿಕನು ತನ್ನ ಮನೆಯಲ್ಲಿ ಕೂತು ಕೇಳಲೆಂದು ಮಾಡಿಸಿದ ಆ ಮುದ್ರಣವೇ, ಧ್ವನಿ ಒರಟಾಗಿದ್ದರೂ, ಕಾಲಾಂತರದಲ್ಲಿ ಲೋಕದ ರಸಿಕರಿಗೆಲ್ಲ ದೊರಕಿತು.

ಇಷ್ಟನ್ನು ಹೇಳಿ ಹೆಮ್ಮೆಪಟ್ಟು ಸುಮ್ಮನಾಗುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಇತಿಹಾಸದ ದೃಷ್ಟಿಯಿಂದ ತೇದಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಬೇಕು. ಮೆಟ್ನರ್ ಲಂಡನ್ನಿನಲ್ಲಿ ಕನ್ಚರ್ಟೋ ನುಡಿಸುತ್ತಿದ್ದ ಆ 1947ರಲ್ಲಿಯೇ ಮೈಸೂರಿನ ಪ್ರಜೆಗಳು ಜವಾಬ್ದಾರಿ ಸರಕಾರಕ್ಕಾಗಿ ‘ಮೈಸೂರು ಚಲೋ’ ಹೂಡಿ ಸೆರೆಮನೆಗಳನ್ನು ತುಂಬಿದರು, ಅಕ್ಟೋಬರಿನಲ್ಲಿ ಕೆ. ಚಂಗಲರಾಯ ರೆಡ್ಡಿಯವರ ಮಂತ್ರಿಮಂಡಲ ಬಂದಿತು. ಅದೇ ವರ್ಷ ವಾಗ್ಗೇಯಕಾರ ಮೈಸೂರು ವಾಸುದೇವಾಚಾರ್ಯರು ಎಂಬತ್ತು ದಾಟಿದ ವೃದ್ಧರು. ವೀಣೆಯ ವೆಂಕಟಗಿರಿಯಪ್ಪನವರು ಇದ್ದರು, 1952ರಲ್ಲಿ ತೀರಿಕೊಂಡರು. ಇವರು ಯಾರಿಗೂ ಅರಮನೆ ಅನಾದರ ತೋರಿದುದಿಲ್ಲ. ಮಹಾರಾಜರು ಸ್ವತಃ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಆದರೂ ರಷ್ಯದ ವೃದ್ಧನಿಗೆ ಏರ್ಪಟ್ಟಂತಹ ಸಂಘವೊಂದು, ತಟ್ಟೆಗಳ ಮಾಲಿಕೆಯೊಂದು, ಮೈಸೂರಿನ ವೃದ್ಧರಿಗೆ ಏರ್ಪಡಲಿಲ್ಲ. ನಮ್ಮ ಸಂಗೀತವನ್ನು ಕರೆಸಿ ಕೂರಿಸಿ ಕೇಳಬಹುದಾದುದರಿಂದ ತಟ್ಟೆಗೆ ಇಳಿಸಬೇಕೆಂದು ತೋರಲಿಲ್ಲವೋ ಏನೋ. ಹತ್ತಿರವಿದ್ದ ನಾದವು ಗಾಳಿಗೆ ಹೋಯಿತು, ದೂರದ್ದು ಉಳಿಯಿತು. ದೋಷವನ್ನು ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಮುಂಗಡ ಚಂದಾ ಕೊಟ್ಟು ಶೇಷಣ್ಣನವರ ವೀಣೆಯನ್ನು ಉಳಿಸಿಕೊಳ್ಳೋಣವೆಂದು ಐನೂರು ಮಂದಿ ಕನ್ನಡಿಗರೂ ಮುಂದೆ ಬರಲಿಲ್ಲ.

ಇನ್ನು ಅರಮನೆಯಿಂದ ಬೀದಿಗೆ ಬರೋಣ. ಯಂತ್ರವಿಲ್ಲದವನೂ ಕೇಳುಗನೇ. ಉತ್ತರ ಕರ್ನಾಟಕದ ಊರುಗಳಲ್ಲಿ ಚಹದ ಅಂಗಡಿಯವರು ಗಿರಾಕಿಗಳನ್ನು ಸೆಳೆಯಲು ಗ್ರಾಮಫೋನು ಇಡುತ್ತಿದ್ದರು. ಬಾಲ್ಯದಲ್ಲಿ ಅಂತಹ ಅಂಗಡಿಯಿಂದ ಹಾಡು ಕೇಳಿಬಂದೊಡನೆ ತಾವು ಬೀದಿಗೆ ಓಡಿಬಂದು ನಿಲ್ಲುತ್ತಿದ್ದುದನ್ನು ಗಂಗೂಬಾಯಿ ಹಾನಗಲ್ಲರು ಹೇಳಿಕೊಂಡಿದ್ದಾರೆ. ತಾಯಿ ಅಂಬಾಬಾಯಿ ಕರ್ನಾಟಕ ಪದ್ಧತಿಯ ಗಾಯಕಿ. ಮಗಳ ಕಿವಿ ತಿರುಗಿದುದು ಹಿಂದೂಸ್ತಾನಿಗೆ. ಮಗಳ ಅಭ್ಯಾಸಕ್ಕೆ ಅಡ್ಡಿಯಾಗಬಾರದೆಂದು ತಾಯಿ ತನ್ನ ಹಾಡಿಕೆಯನ್ನೇ ನಿಲ್ಲಿಸಿದಳು. ಮುಂದೆ ಆ ಹುಡುಗಿಯೇ ಮುಂಬಯಿಗೆ ಬಂದು ಎಚ್.ಎಂ.ವಿ.ಗೆ ಹಾಡಿದಾಗ ಮೊದಲ ತಟ್ಟೆಗಳ ಮೇಲೆ ಬಿದ್ದ ಹೆಸರು ಗಾಂಧಾರಿ.

ಗದಗಿನ ಕಥೆ ಎಲ್ಲರೂ ಬಲ್ಲದ್ದು. ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮ್ರಿಯೊಂದನ್ನು ಅಂಗಡಿಯ ಗ್ರಾಮಫೋನಿನಲ್ಲಿ ಕೇಳಿದ ಬಾಲಕ ಭೀಮಸೇನ ಜೋಶಿ, ಹಾಗೆ ಹಾಡುವುದನ್ನು ಕಲಿಯಬೇಕೆಂದು ಹನ್ನೊಂದರ ಪ್ರಾಯದಲ್ಲಿ ಮನೆ ಬಿಟ್ಟನು. ಊರೂರು ಅಲೆದು ಕೊನೆಗೆ ಗುರುವನ್ನು ಕಂಡುಕೊಂಡುದು ತನ್ನೂರಿಗೆ ಸಮೀಪದ ಕುಂದಗೋಳದಲ್ಲಿ. ಆ ಗುರು ಸವಾಯಿ ಗಂಧರ್ವರು, ಖಾನ್ ಸಾಹೇಬರ ಪಟ್ಟಶಿಷ್ಯರು. ಗಂಗೂಬಾಯಿಯವರಿಗೂ ಅವರೇ ಗುರು. ತಟ್ಟೆಯಲ್ಲಿ ಕೇಳಿದ ದನಿಯನ್ನು ಹಿಡಿದು ಹೊರಟವನು ಆ ದನಿಯ ಮನೆತನವನ್ನೇ ಸೇರಿದನೆಂದಾಯಿತು. ಅಂಗಡಿಯವನಿಗೆ ಇದಾವುದೂ ಗೊತ್ತಿರಲಾರದು. ಅವನು ಚಹ ಮಾರುತ್ತಿದ್ದನು. ಎರಡನ್ನೂ ತೂಗಿದರೆ ನನ್ನ ಮಟ್ಟಿಗೆ ಆಲ್ಬರ್ಟ್ ಹಾಲಿನ 4,800 ಡಾಲರುಗಳಿಗಿಂತ ಈ ಚಹದಂಗಡಿಯ ಒಂದು ತಟ್ಟೆಯೇ ತೂಕವಾದುದು.

ಇವೆರಡರ ನಡುವೆ ಮಧ್ಯಮ ವರ್ಗದ ಮನೆಗಳಿದ್ದವು. ಮುಂಬಯಿ ಪುಣೆಗಳಿಗೆ ನೌಕರಿಗಾಗಿ ಬಂದ ನಮ್ಮವರ ಮನೆಗಳೂ ಅವುಗಳಲ್ಲಿ ಸೇರಿದವು. ಚಾಳಿನ ಒಂದು ಕೋಣೆಯಲ್ಲಿ ಕೀಲಿ ಕೊಡುವ ಪೆಟ್ಟಿಗೆಯೊಂದಿದ್ದರೆ ಅದು ಮಹಡಿಗೆಲ್ಲ ಸೇರಿದ್ದು. ಈಚೆಗೆ ನಿಮ್ಮಲ್ಲಿ ಯಾವುದು ನಡೆದಿದೆ ಎಂದು ಕೇಳಿದರೆ ಯಾವ ತಟ್ಟೆ ಎಂದೇ ಅರ್ಥ. ಬಿ.ಎಸ್. ರಾಜಯ್ಯಂಗಾರರು ಹಾಡಿದ ಪುರಂದರದಾಸರ ಪದ, ಚೌಡಯ್ಯನವರ ಪಿಟೀಲು, ಕಾಳಿಂಗರಾಯರ ಭಾವಗೀತೆ, ಮನ್ಸೂರರ ಖಯಾಲು ಒಂದೇ ಪೆಟ್ಟಿಗೆಯಲ್ಲಿ ಒತ್ತಿಕೊಂಡಿದ್ದವು. ಕನ್ನಡದ ನೆಲದಲ್ಲಿ ಧಾರವಾಡದವನು ಒಂದನ್ನು, ಮೈಸೂರಿನವನು ಇನ್ನೊಂದನ್ನು ಕೇಳುತ್ತಿದ್ದ ಕಾಲವದು. ಒಬ್ಬರಿಗೊಬ್ಬರು ತಟ್ಟೆಗಳನ್ನು ಎರವಲು ಕೊಟ್ಟು ಎರಡನ್ನೂ ಕೇಳುವಂತಾದುದು ಹೊರನಾಡಿನ ಈ ಕೋಣೆಗಳಲ್ಲಿ. ಎರವಲು ಹೋದ ತಟ್ಟೆ ಒಡೆದು ಬಂದರೆ ಸ್ನೇಹವೂ ಬಿರುಕು ಬಿಡುತ್ತಿತ್ತು, ಅರಗಿನ ಗುಣವೇ ಹಾಗೆ. ಅಮೆರಿಕೆಯಲ್ಲಿ 1948ರಲ್ಲಿ ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ಸುತ್ತಿನ ದೀರ್ಘ ತಟ್ಟೆ ಬಂದಿತು. ಅದು ನಮ್ಮ ಮನೆಗಳನ್ನು ಮುಟ್ಟುವ ಹೊತ್ತಿಗೆ ಖಯಾಲಿಗೆ ಇಪ್ಪತ್ತು ನಿಮಿಷದ ಅವಕಾಶ ದೊರೆತಿತ್ತು. ಅದನ್ನು ತುಂಬಿ ಹಾಡಿದವರಲ್ಲಿ ಗದಗಿನ ಬೀದಿಯಲ್ಲಿ ನಿಂತು ಮೂರು ನಿಮಿಷ ಕೇಳಿದ್ದ ಆ ಬಾಲಕನೂ ಒಬ್ಬನು.